ಕೊನೆಯವನೂ ಮನೆ ಮುಟ್ಟಲಿ



ಆಗಮನ ಕಾಲದ ಒಂದು ಸಂಜೆ ನಿಮ್ಮ ಮನೆಯ ಕಟ್ಟೆಯ ಮೇಲೆ ಎಂಟು ಹತ್ತು ಮಂದಿ ಯುವಕರು ಬಂದು ಕುಳಿತಿದ್ದಾರೆ ಎಂದು ಭಾವಿಸಿಕೊಳ್ಳಿ. ನಿಮ್ಮ ಊರು ತಾವರಗೇರಾ ಎಂದೇ ಇಟ್ಟುಕೊಳ್ಳೋಣ. ಅವರ ಬೇಡಿಕೆ ಇಷ್ಟು: ಕ್ರಿಸ್ಮಸ್‌ಗೆ ಮುಂಚಿನ ಒಂದು ಶನಿವಾರ ಎಲ್ಲರೂ ಸೈಕಲ್ ಏರಿ ತಾವರಗೇರಾದಿಂದ ಮುದಗಲ್ಲಿಗೆ ಹೋಗಬೇಕು, ಅಲ್ಲಿ ದೇವಾಲಯದಲ್ಲಿ ಪ್ರಾರ್ಥಿಸಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಸುತ್ತಿಕೊಂಡು ಅದೇ ರಾತ್ರಿ ಊರು ಸೇರಬೇಕು. ನೂರೈವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ನಸುಕಿನ ನಾಲ್ಕಕ್ಕೆ ಹೊರಡುವುದು. "ನೀವ ಮುಂದ ನಿಂತು ನಡಸ್ರಿ, ಕಾಕಾ. ನೀವು ಹೂಂ ಅಂದ್ರ ಮನ್ಯಾಗ ಯಾರೂ ಬ್ಯಾಡ ಅನ್ನೂದಿಲ್ಲ" ಎಂದು ಅವರಲ್ಲೊಬ್ಬನು ಹೇಳುತ್ತಾನೆ.

ನೀವೇನು ಉತ್ತರ ಕೊಡುವಿರಿ?

"ಚಳಿಯಾಗ ಎಂಥಾ ಸೈಕಲ್ಲು, ಹೋಗ್ರಿ ಮನಿಗೆ" ಎಂದು ಅಟ್ಟಿಬಿಡುವುದು ಸುಲಭ. "ಆಗಲಿ, ದೇವರಿದ್ದಾನೆ" ಎಂದು ಕೈಬೀಸಿ ಕಳುಹಿಸುವುದು ಇನ್ನೂ ಸುಲಭ. ಮೊದಲನೆಯದು ಯುವಕರ ಉತ್ಸಾಹವನ್ನು ಕೊಲ್ಲುತ್ತದೆ. ಎರಡನೆಯದು ಒಬ್ಬ ಯುವಕನನ್ನೇ ಕೊಲ್ಲಬಹುದು. ಈ ಎರಡರ ನಡುವೆ ಒಂದು ದಾರಿಯಿದೆ. ಧರ್ಮಸಭೆಯು ಅದನ್ನು ವಿವೇಕ ಎಂದು ಕರೆಯುತ್ತದೆ. ಅದು ನಾಲ್ಕು ಮೂಲ ಸದ್ಗುಣಗಳಲ್ಲಿ ಮೊದಲನೆಯದು. ಸಾರಥಿಯು ಕುದುರೆಗಳನ್ನು ನಡೆಸುವಂತೆ ವಿವೇಕವು ಉಳಿದ ಸದ್ಗುಣಗಳನ್ನು ನಡೆಸುತ್ತದೆ ಎಂದು ನಮ್ಮ ಧರ್ಮೋಪದೇಶವು ಬೋಧಿಸುತ್ತದೆ. ಸಾರಥಿಯಿಲ್ಲದ ಧೈರ್ಯವು ಹುಂಬತನವಾಗುತ್ತದೆ. ಸಾರಥಿಯಿಲ್ಲದ ಭಕ್ತಿಯು ದೇವರನ್ನು ಪರೀಕ್ಷಿಸುವ ಪಾಪವಾಗುತ್ತದೆ.

ತಂಗಾಳಿಯ ಮೋಸ

ಕೆಟ್ಟ ಹವೆಯಲ್ಲಿ ಗುಂಪಾಗಿ ಕೈಗೊಂಡ ದೂರ ಪ್ರಯಾಣದ ಕಥೆಯೊಂದು ಪವಿತ್ರ ಗ್ರಂಥದಲ್ಲಿಯೇ ಇದೆ. ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಎಲ್ಲರೂ ಕೂಡಿ ಓದಿರಿ. ಸಂತ ಪೌಲರು ಕೈದಿಯಾಗಿ ರೋಮಿಗೆ ಹೋಗುತ್ತಿದ್ದರು. ಹಡಗಿನಲ್ಲಿದ್ದವರು 276 ಮಂದಿ. ಚಳಿಗಾಲ ಹತ್ತಿರವಾಗಿತ್ತು. ಮುಂದೆ ಹೋದರೆ ಸರಕಿಗೂ ಪ್ರಾಣಕ್ಕೂ ಹಾನಿ ಎಂದು ಪೌಲರು ಎಚ್ಚರಿಸಿದರು. ಆದರೆ ಶತಾಧಿಪತಿಯು ಚುಕ್ಕಾಣಿಗನ ಮತ್ತು ಹಡಗಿನ ಯಜಮಾನನ ಮಾತಿಗೆ ಬೆಲೆ ಕೊಟ್ಟನು. ಬಹುಮಂದಿಯ ಅಭಿಪ್ರಾಯವೂ ಹೋಗೋಣ ಎಂದೇ ಇತ್ತು. ಅಷ್ಟರಲ್ಲಿ ದಕ್ಷಿಣದಿಂದ ಹಿತವಾದ ತಂಗಾಳಿ ಬೀಸಿತು. ಎಲ್ಲವೂ ನಮ್ಮ ಎಣಿಕೆಯಂತೆಯೇ ಆಯಿತು ಎಂದುಕೊಂಡು ಅವರು ಲಂಗರು ಎತ್ತಿದರು. ಸ್ವಲ್ಪ ಹೊತ್ತಿನಲ್ಲಿಯೇ ಬಿರುಗಾಳಿ ಬಂದು ಹಡಗನ್ನು ಹಿಡಿಯಿತು. ಅನೇಕ ದಿನ ಅವರಿಗೆ ಸೂರ್ಯನೂ ಕಾಣಲಿಲ್ಲ, ನಕ್ಷತ್ರಗಳೂ ಕಾಣಲಿಲ್ಲ.

ಪ್ರಿಯರೇ, ಆ ತಂಗಾಳಿಯನ್ನು ಗಮನಿಸಿರಿ. ನಮ್ಮನ್ನು ಕೆಡಿಸುವುದು ಬಿರುಗಾಳಿಗಿಂತ ಹೆಚ್ಚಾಗಿ ಹೊರಡುವ ಹೊತ್ತಿನ ತಂಗಾಳಿ. ಹಿಂದಿನ ದಿನ ಆಕಾಶ ತಿಳಿಯಾಗಿತ್ತು, ಬ್ಯಾನರು ಅಚ್ಚಾಗಿದೆ, ಅಂಗಿಗಳು ಬಂದಿವೆ, ಬಾವುಟ ತೋರಿಸಲು ಮುಖ್ಯ ಅತಿಥಿಗಳು ಒಪ್ಪಿದ್ದಾರೆ, ನಾಲ್ಕು ಜನ ದಾನಿಗಳು ಹಣ ಕೊಟ್ಟಿದ್ದಾರೆ. ಇದೆಲ್ಲವೂ ದಕ್ಷಿಣದ ತಂಗಾಳಿಯೇ. ಅದು ಬೀಸುತ್ತಿರುವಾಗ ಪೌಲನಂತಹ ಒಬ್ಬನು ಮೂಲೆಯಿಂದ ಎದ್ದು, "ಸ್ವಲ್ಪ ತಡೀರಿ" ಎಂದರೆ ಅವನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮೊದಲು ಆಲೋಚನೆ

ಸಂತ ಥಾಮಸ್ ಅಕ್ವಿನಾಸರು ವಿವೇಕದ ಕಾರ್ಯವನ್ನು ಮೂರಾಗಿ ವಿಂಗಡಿಸಿದ್ದಾರೆ: ಆಲೋಚನೆ, ನಿರ್ಣಯ ಮತ್ತು ಆಜ್ಞೆ. ಗುರುಮಠದಲ್ಲಿ ಓದುವಾಗ ಇವು ಒಣ ತತ್ತ್ವಗಳಂತೆ ಕಾಣುತ್ತವೆ. ಆದರೆ ಹತ್ತು ಸೈಕಲ್ಲುಗಳನ್ನು ಡಿಸೆಂಬರಿನ ರಸ್ತೆಗೆ ಇಳಿಸುವ ಹೊಣೆ ಹೊತ್ತವನಿಗೆ ಇವು ಮೂರೂ ಬೇಕು.

ಆಲೋಚನೆ ಎಂದರೆ ತಿಳಿದವರನ್ನು ಕೇಳುವುದು. ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಡಿಸೆಂಬರಿನ ನಸುಕಿನಲ್ಲಿ ಸಿಂಧನೂರು, ಕಾರಟಗಿ, ಗಂಗಾವತಿಗಳ ಕಡೆ ಕಾಲುವೆ ಗದ್ದೆಗಳ ಮೇಲಿಂದ ಎದ್ದ ಮಂಜು ರಸ್ತೆಯನ್ನು ನುಂಗಿಬಿಡುತ್ತದೆ. ಅದು ಭತ್ತದ ಸುಗ್ಗಿಯ ಕಾಲ. ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಗಲು ಹರವಿರುತ್ತಾರೆ, ಸುತ್ತಲೂ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿದ ಮೇಲೂ ಕೆಲವೊಮ್ಮೆ ಕಲ್ಲು ಅಲ್ಲಿಯೇ ಉಳಿಯುತ್ತದೆ. ದೀಪವಿಲ್ಲದ ಟ್ರ್ಯಾಕ್ಟರುಗಳು, ಭತ್ತ ಕೊಯ್ಯುವ ದೊಡ್ಡ ಯಂತ್ರಗಳು ಕತ್ತಲೆಯಲ್ಲಿಯೇ ಓಡಾಡುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಇಲ್ಲಿ ಎರಡು ದಿನ ಜಿಟಿಜಿಟಿ ಮಳೆ ಹಿಡಿಯಬಹುದು. ಆಗ ಎರೆಹೊಲದ ಮಣ್ಣು ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡು ಡಾಂಬರಿನ ಮೇಲೆ ಬಂದು, ರಸ್ತೆಯು ಸಾಬೂನು ಹಚ್ಚಿದಂತಾಗುತ್ತದೆ. ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳಿನ ವಿಷಯವನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ.

ಇದನ್ನೆಲ್ಲ ಬಲ್ಲವರು ಯಾರು? ನಿತ್ಯ ಆ ದಾರಿಯಲ್ಲಿ ಹಾಲು ತರುವವರು, ಬಸ್ಸಿನ ಚಾಲಕರು, ಹೊಲದವರು, ಪಂಚರ್ ಅಂಗಡಿಯವರು. ತಿಳಿದವರ ಮುಂದೆ ಕಲಿಯುವ ಮನಸ್ಸಿನಿಂದ ಕುಳಿತುಕೊಳ್ಳುವುದೂ ವಿವೇಕದ ಒಂದು ಅಂಗವೇ ಎಂದು ಅಕ್ವಿನಾಸರು ಹೇಳುತ್ತಾರೆ. ಅವರನ್ನು ಕೇಳಿದರೆ ಗಾಳಿಯ ಗುಟ್ಟೂ ತಿಳಿಯುತ್ತದೆ. ಸಿಂಧನೂರು ನಮಗೆ ಮೂಡಣಕ್ಕಿದೆ. ಚಳಿಗಾಲದ ಗಾಳಿಯೂ ಹೆಚ್ಚಾಗಿ ಮೂಡಣದಿಂದಲೇ ಬರುತ್ತದೆ. ಆದ್ದರಿಂದ ಎದುರುಗಾಳಿಯ ದಾರಿಯನ್ನು ಕಾಲು ಹೊಸದಿರುವಾಗ ಬೆಳಿಗ್ಗೆಯೇ ಮುಗಿಸಿ, ಗಾಳಿ ಬೆನ್ನಿಗೆ ಬೀಳುವ ದಾರಿಯನ್ನು ದಣಿದ ಸಂಜೆಗೆ ಇಟ್ಟುಕೊಳ್ಳಬೇಕು.

ಈ ವಿಷಯದಲ್ಲಿ ಲೋಕದ ಅನುಭವವೂ ನಮಗೆ ಪಾಠ ಹೇಳುತ್ತದೆ. ಫ್ರಾನ್ಸಿನಲ್ಲಿ 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಕಡಲೂರಿಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಸೈಕಲ್ ಪಂದ್ಯ ಆರಂಭವಾಯಿತು. ಇಂದು ಅದು ಪಂದ್ಯವಾಗಿ ಉಳಿದಿಲ್ಲ. 90 ಗಂಟೆಯೊಳಗೆ ಮುಗಿಸಬೇಕಾದ ಒಂದು ಸಾಧನೆಯ ಪ್ರಯಾಣವಾಗಿದೆ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂಘವೊಂದರ ನಿಯಮಗಳಂತೆ ಇಂತಹ ಪ್ರಯಾಣಗಳು ಈಗ ಜಗತ್ತಿನಾದ್ಯಂತ ನಡೆಯುತ್ತವೆ. ಅವುಗಳಿಗೆ ಬ್ರೆವೆ ಎಂದು ಹೆಸರು. ನಮ್ಮ ಬೆಂಗಳೂರಿನವರೂ ಇವುಗಳನ್ನು ನಡೆಸುತ್ತಾ ಬಂದಿದ್ದಾರೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ದಾರಿಯಲ್ಲಿ ಅಲ್ಲಲ್ಲಿ ಠಾಣೆಗಳಿರುತ್ತವೆ. ಪ್ರತಿ ಸವಾರನೂ ತನ್ನ ಚೀಟಿಗೆ ಅಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಕತ್ತಲಾದರೆ ಮುಂದೆ ಹಿಂದೆ ದೀಪ, ಮೈಮೇಲೆ ಬೆಳಕಿಗೆ ಹೊಳೆಯುವ ಪಟ್ಟಿಯ ಅಂಗಿ ಕಡ್ಡಾಯ. ಇವುಗಳಲ್ಲಿ ಮೊದಲನೆಯ ಬಹುಮಾನವಿಲ್ಲ, ಎರಡನೆಯದೂ ಇಲ್ಲ. ಮೊದಲು ಬಂದವನಿಗೂ, ಸಮಯ ಮೀರುವ ಮುನ್ನ ಕಟ್ಟಕಡೆಗೆ ಬಂದವನಿಗೂ ಒಂದೇ ಗೌರವ. ಸಂಜೆ ಐದಕ್ಕೆ ಬಂದ ಕೂಲಿಯವನಿಗೂ ಪೂರ್ಣ ಕೂಲಿ ಕೊಟ್ಟ ದ್ರಾಕ್ಷಿತೋಟದ ಯಜಮಾನನು ಇದನ್ನು ಕಂಡರೆ ಸಂತೋಷಪಡುತ್ತಿದ್ದನೋ ಏನೋ!

ಆಮೇಲೆ ನಿರ್ಣಯ

ಕೇಳಿ ತಿಳಿದದ್ದನ್ನು ತೂಗಿ ನೋಡುವುದೇ ನಿರ್ಣಯ. ಡಿಸೆಂಬರಿನ ಕೊನೆಯಲ್ಲಿ ನಮ್ಮಲ್ಲಿ ಹಗಲು ಹನ್ನೊಂದು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಗಂಟೆಗೆ 15 ಕಿಲೋಮೀಟರಿನಂತೆ ಬಿಡದೆ ತುಳಿದರೂ ನೂರೈವತ್ತು ಕಿಲೋಮೀಟರಿಗೆ ಹತ್ತು ಗಂಟೆ ಬೇಕು. ಊಟ, ವಿಶ್ರಾಂತಿ, ಪ್ರಾರ್ಥನೆ, ಪಂಚರ್ ಇವುಗಳಿಗೆ ಉಳಿಯುವುದು ಒಂದು ಗಂಟೆ. ಸರ್ಕಾರ 2006-07ರಿಂದ ಕೆಲವು ವರ್ಷ ಶಾಲಾಮಕ್ಕಳಿಗೆ ಹಂಚಿದ ಸೈಕಲ್ಲುಗಳಂಥವೇ ಹುಡುಗರ ಬಳಿ ಇರುವುದು. ಅವು ಶಾಲೆಗೆ ಹೋಗಿಬರಲು ಮಾಡಿದ ಗಟ್ಟಿ ಗಾಡಿಗಳು. ಅವುಗಳ ಮೇಲೆ ದಿನವಿಡೀ ಹದಿನೈದರ ವೇಗ ಹಿಡಿಯುವುದು ಎಲ್ಲರಿಗೂ ಆಗದು. ಅಂದರೆ ಕತ್ತಲಲ್ಲಿ ಹೊರಟು ಕತ್ತಲಲ್ಲಿಯೇ ಮರಳಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಬೇಡವೇ ಎಂದು ಪ್ರಭು ಯೇಸುವೇ ಕೇಳಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಆದುದರಿಂದ ವಿವೇಕಿಯಾದ ಹಿರಿಯನು ಅಟ್ಟುವುದೂ ಇಲ್ಲ, ಕೈಬೀಸುವುದೂ ಇಲ್ಲ. "ಈ ವರ್ಷ ಮುದಗಲ್ಲಿಗೆ ಹೋಗಿ ಬರೋಣ. ಹೊತ್ತು ಹುಟ್ಟಿ, ಮಂಜು ಕರಗಿದ ಮೇಲೆ ಹೊರಡೋಣ. ಹೊತ್ತು ಮುಳುಗುವುದರೊಳಗೆ ಮನೆ ಸೇರೋಣ. ಒಂದು ವರ್ಷ ಅಭ್ಯಾಸ ಮಾಡಿರಿ, ದೊಡ್ಡ ಸುತ್ತನ್ನು ಆಮೇಲೆ ನೋಡೋಣ" ಎನ್ನುತ್ತಾನೆ. ಇದರಿಂದ ಯುವಕರಿಗೆ ನಷ್ಟವೇನೂ ಇಲ್ಲ. ಮುದಗಲ್ಲು ಕರ್ನಾಟಕದ ಅತಿ ಹಳೆಯ ಕಥೋಲಿಕ ನೆಲೆಗಳಲ್ಲಿ ಒಂದು. ಬಿಜಾಪುರದ ಆದಿಲ್ ಶಾಹಿ ದೊರೆಗಳ ಕಾಲಕ್ಕೇ ಅಲ್ಲಿ ನಮ್ಮ ವಿಶ್ವಾಸದ ಬೇರು ಇಳಿದಿದೆ. ಅಷ್ಟು ಹಳೆಯ ವಿಶ್ವಾಸದ ಮುಂದೆ ಮೊಣಕಾಲೂರಲು ಹೋಗುವವನು ಎಷ್ಟು ಕಿಲೋಮೀಟರ್ ತುಳಿದನೆಂದು ದೇವರು ಲೆಕ್ಕವಿಡುವುದಿಲ್ಲ.

ಕೊನೆಗೆ ಆಜ್ಞೆ

ಬಹಳ ಮಂದಿ ಆಲೋಚಿಸುತ್ತಾರೆ, ನಿರ್ಣಯಿಸುತ್ತಾರೆ. ಆದರೆ ಮಾಡಬೇಕಾದ ಹೊತ್ತಿಗೆ ಮಾಡುವುದಿಲ್ಲ. ಅದಕ್ಕಾಗಿಯೇ ಅಕ್ವಿನಾಸರು ಮೂರನೆಯದಾದ ಆಜ್ಞೆಯನ್ನು ವಿವೇಕದ ಮುಖ್ಯ ಕಾರ್ಯ ಎಂದು ಕರೆದರು. ತಿಳಿದದ್ದನ್ನು ಜಾರಿಗೆ ತರುವುದೇ ಆಜ್ಞೆ.

ಹಿಂದಿನ ದಿನವೇ ಪ್ರತಿ ಸೈಕಲ್ಲಿನ ಬ್ರೇಕು, ಚೈನು, ಟೈರುಗಳನ್ನು ಕೈಯಾರೆ ಮುಟ್ಟಿ ನೋಡಬೇಕು. ಬ್ರೇಕು ಸರಿಯಿಲ್ಲದವನು ಎಷ್ಟೇ ಆಪ್ತನಾದರೂ ರಿಪೇರಿ ಮಾಡಿಸದೆ ಬರುವಂತಿಲ್ಲ. ಪ್ರತಿಯೊಬ್ಬನ ಮನೆಯವರ ಒಪ್ಪಿಗೆಯನ್ನು ಅವರ ಬಾಯಿಂದಲೇ ಕೇಳಬೇಕು. ಯಾರಿಗೆ ಉಬ್ಬಸವಿದೆ, ಯಾರಿಗೆ ಮೂರ್ಛೆಯ ತೊಂದರೆಯಿದೆ ಎಂದು ತಾಯಂದಿರನ್ನು ಬೇರೆಯಾಗಿ ವಿಚಾರಿಸಬೇಕು. ಮಕ್ಕಳು ಗೆಳೆಯರ ಎದುರಿಗೆ ಅದನ್ನು ಹೇಳುವುದಿಲ್ಲ. ಪಂಪು, ಪಂಚರ್ ಸಾಮಾನು, ಔಷಧದ ಪೆಟ್ಟಿಗೆ, ಒಣ ಬಟ್ಟೆಯ ಗಂಟು ಹಿಂದೆ ಬರುವ ಗಾಡಿಯಲ್ಲಿರಬೇಕು. ಬೆಲ್ಲ, ಶೇಂಗಾ, ಬಾಳೆಹಣ್ಣು ಪ್ರತಿಯೊಬ್ಬರ ಚೀಲದಲ್ಲಿರಬೇಕು.

ಚಳಿಯ ಬಗ್ಗೆಯೂ ತಿಳಿದಿರಬೇಕು. ಮಳೆಗೆ ತೊಯ್ದ ಮೈಗೆ ಸವಾರಿಯ ಗಾಳಿ ತಗುಲಿದರೆ, ಅಷ್ಟೇನೂ ಚಳಿಯಿಲ್ಲದ ದಿನವೂ ದೇಹದ ಕಾವು ಬೇಗ ಇಳಿಯುತ್ತದೆ. 2008ರ ಡಿಸೆಂಬರಿನಲ್ಲಿ ಬೆಂಗಳೂರಿನವರು ಆರಂಭಿಸಿದ ನೀಲಗಿರಿ ಸೈಕಲ್ ಯಾತ್ರೆಯ ಪ್ರಸಿದ್ಧ ಏರು ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟು. ಅದರಲ್ಲಿ 36 ಕಡಿದಾದ ತಿರುವುಗಳಿವೆ. ಅಂತಹ ಕಡೆ ಏರುವಾಗ ಬೆವರು, ಇಳಿಯುವಾಗ ನಡುಕ. ಮೊದಲು ಮೈ ನಡುಗುತ್ತದೆ, ಆಮೇಲೆ ಬೆರಳುಗಳು ಬ್ರೇಕ್ ಹಿಡಿಯಲಾರವು, ಮಾತು ತೊದಲುತ್ತದೆ. ಆ ಬಳಿಕ ನಡುಕ ತಾನಾಗಿಯೇ ನಿಂತು ಮಂಪರು ಕವಿದರೆ ಅದನ್ನು ಚೇತರಿಕೆ ಎಂದು ತಿಳಿಯಬಾರದು; ಅದು ಪ್ರಾಣಾಪಾಯದ ಗುರುತು. ಕೂಡಲೇ ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಕಂಬಳಿ ಸುತ್ತಿ, ಬೆಚ್ಚಗಿನ ಜಾಗಕ್ಕೆ ಸೇರಿಸಿ ವೈದ್ಯರ ಬಳಿಗೆ ಒಯ್ಯಬೇಕು. ಗಾಳಿಯನ್ನು ತಡೆಯಲು ಅಂಗಿಯೊಳಗೆ ಎದೆಯ ಮೇಲೆ ದಿನಪತ್ರಿಕೆಯನ್ನು ಮಡಚಿ ಇಟ್ಟುಕೊಳ್ಳುವುದು ಯೂರೋಪಿನ ಸವಾರರ ಹಳೆಯ ಉಪಾಯ. ಈ ನಮ್ಮ ವಾರಪತ್ರಿಕೆಯನ್ನು ಅದಕ್ಕೆ ಬಳಸಿದರೂ ಬೇಸರವಿಲ್ಲ, ಮೊದಲು ಓದಿದ್ದರೆ ಸಾಕು.

ಎಲ್ಲಕ್ಕಿಂತ ಕಠಿಣವಾದ ಆಜ್ಞೆ ಇನ್ನೊಂದಿದೆ. ಎಲ್ಲರೂ ಸಿದ್ಧರಾಗಿ ನಿಂತಿದ್ದಾರೆ, ಅತಿಥಿಗಳು ಬಂದಿದ್ದಾರೆ, ಆದರೆ ಹತ್ತು ಮಾರು ದೂರದ ಬೇವಿನ ಮರ ಮಂಜಿನಲ್ಲಿ ಕಾಣುತ್ತಿಲ್ಲ. ಆಗ "ಇವತ್ತು ಬ್ಯಾಡ" ಎನ್ನುವುದು. ಆ ಎರಡು ಮಾತಿಗೆ ಬೇಕಾದ ಧೈರ್ಯ ಬಿರುಗಾಳಿಗೆ ಎದೆಗೊಡುವ ಧೈರ್ಯಕ್ಕಿಂತ ದೊಡ್ಡದು. ಬಿರುಗಾಳಿಗೆ ಎದೆಗೊಟ್ಟವನನ್ನು ಜನ ಹೊಗಳುತ್ತಾರೆ. ತಡೆದವನನ್ನು ಹೇಡಿ ಎನ್ನುತ್ತಾರೆ. ಅವನಿಂದ ಉಳಿದ ಪ್ರಾಣ ಯಾವುದೆಂದು ಯಾರಿಗೂ ಎಂದೂ ಗೊತ್ತಾಗುವುದಿಲ್ಲ; ದೇವರಿಗೆ ಮಾತ್ರ ಗೊತ್ತು. "ಹರಕೆ ಹೊತ್ತೀವಿ, ಹೋಗಲೇಬೇಕು" ಎನ್ನುವವರಿಗೂ ಒಂದು ಮಾತು. ದೇವರಿಗೆ ಕೊಟ್ಟ ಮಾತನ್ನು ಮತ್ತೊಬ್ಬರ ಮಗನ ಪ್ರಾಣದಿಂದ ತೀರಿಸುವ ಹಕ್ಕು ನಮಗಿಲ್ಲ.

2007ರ ಪ್ಯಾರಿಸ್-ಬ್ರೆಸ್ಟ್ ಪ್ರಯಾಣದಲ್ಲಿ ಮಳೆ ಗಾಳಿ ಬಿಡದೆ ಕಾಡಿತು. ಹೊರಟ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಹತ್ತಕ್ಕೆ ಮೂವರಷ್ಟು ಮಂದಿ ಅದನ್ನು ಮುಗಿಸಲಾಗಲಿಲ್ಲ. ಅರ್ಧ ದಾರಿಯಲ್ಲಿ ಸೈಕಲ್ ಇಳಿಯುವುದು ಸುಲಭವಲ್ಲ. ವರ್ಷಗಟ್ಟಲೆ ತಯಾರಾದವನಿಗೆ ಅದು ನೋವಿನ ನಿರ್ಧಾರ. ಆದರೆ ಹಾಗೆ ಇಳಿದವನು ಮತ್ತೆ ನಾಲ್ಕು ವರ್ಷಕ್ಕೆ ಹೊಸದಾಗಿ ಹೊರಡಬಹುದು.

ಹಿಂದೆ ಉಳಿದವನು

ಗುಂಪಿನ ವೇಗವನ್ನು ಯಾರು ಗೊತ್ತುಮಾಡಬೇಕು? ಬಲಿಷ್ಠನೋ, ಬಲಹೀನನೋ? ಆದಿಕಾಂಡದಲ್ಲಿ ಯಕೋಬನು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ಎಷ್ಟೋ ವರ್ಷಗಳ ಮೇಲೆ ಅಣ್ಣ ಏಸಾವನು ಸಿಕ್ಕಿ, ಜೊತೆಯಾಗಿ ಹೋಗೋಣ ನಡೆ ಎಂದಾಗ ಯಕೋಬನು ವಿನಯದಿಂದ ಒಲ್ಲೆನೆಂದನು. ನನ್ನ ಮಕ್ಕಳು ಎಳೆಯರು, ಹಾಲುಣಿಸುವ ಆಡು ಹಸುಗಳಿವೆ. ಒಂದು ದಿನ ಅವಸರಪಡಿಸಿ ಹೊಡೆದರೂ ಮಂದೆ ಸತ್ತುಹೋಗುತ್ತದೆ. ನಾನು ಮಂದೆಯ ನಡಿಗೆಗೂ ಮಕ್ಕಳ ನಡಿಗೆಗೂ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎಂಬುದು ಅವನ ಉತ್ತರದ ಸಾರ. ಎಂತಹ ತಂದೆಯ ಮಾತು! ಇದಕ್ಕೆ ವಿರುದ್ಧವಾದ ಚಿತ್ರ ಧರ್ಮೋಪದೇಶಕಾಂಡದಲ್ಲಿದೆ. ಅಮಾಲೇಕ್ಯರು ಇಸ್ರಯೇಲರ ಮೇಲೆ ಬಿದ್ದಾಗ ಎದುರಿನಿಂದ ಬರಲಿಲ್ಲ. ದಣಿದು ಹಿಂದೆ ಉಳಿದವರನ್ನು ಹುಡುಕಿ ಹೊಡೆದರು. ಶತ್ರುವಿಗೆ ಚೆನ್ನಾಗಿ ಗೊತ್ತು, ಗುಂಪಿನ ಸಾವು ಹಿಂದಿನಿಂದ ಬರುತ್ತದೆಂದು.

ಆದ್ದರಿಂದ ಗುಂಪಿನಲ್ಲಿ ಅತ್ಯಂತ ಬಲಿಷ್ಠನಾದವನನ್ನು ಮುಂದೆ ಬಿಡಬೇಡಿರಿ, ಕಟ್ಟಕಡೆಗೆ ಇರಿಸಿರಿ. ಅವನ ಮುಂದೆ ಯಾರಾದರೂ ಇರಬೇಕು, ಹಿಂದೆ ಯಾರೂ ಇರಬಾರದು. ಹೊರಡುವಾಗ ತಲೆ ಎಣಿಸಿರಿ, ನಿಂತಲ್ಲೆಲ್ಲ ಎಣಿಸಿರಿ, ಕೊನೆಯ ತಲೆ ಮನೆಯ ಹೊಸ್ತಿಲು ದಾಟುವವರೆಗೆ ಹೊಣೆ ಹೊತ್ತವನು ಮಲಗಕೂಡದು. ಸಂತ ಲೂಕರು ಆ ಹಡಗಿನಲ್ಲಿದ್ದವರನ್ನು 276 ಎಂದು ಲೆಕ್ಕ ಹಿಡಿದು ಬರೆದದ್ದು ಸುಮ್ಮನೆ ಅಲ್ಲ. ಈಜು ಬಲ್ಲವರು ಈಜಿದರು, ಬಾರದವರು ಹಲಗೆ ಹಿಡಿದು ತೇಲಿದರು, ಆದರೆ ಒಬ್ಬನೂ ಕಡಿಮೆಯಾಗಲಿಲ್ಲ.

ಇನ್ನೂ ಒಂದು ಮಾತು. ತೋಯ್ದು ನಡುಗುತ್ತಾ ಮಾಲ್ಟ ದ್ವೀಪ ಸೇರಿದ ಅವರಿಗೆ, ಮಳೆ ಚಳಿಗಳನ್ನು ಕಂಡು ಬೆಂಕಿ ಹೊತ್ತಿಸಿ ಬರಮಾಡಿಕೊಂಡವರು ಆ ದ್ವೀಪದ ಜನ. ಅವರಿಗೆ ಕ್ರಿಸ್ತರ ಹೆಸರೂ ಗೊತ್ತಿರಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಇದು ಹೊಸದೇನಲ್ಲ. ಯುಗಾದಿಯ ಸಮಯದಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವ ಸಾವಿರಾರು ಜನರಿಗೆ ದಾರಿಯುದ್ದಕ್ಕೂ ಹಳ್ಳಿಯವರು ರೊಟ್ಟಿ, ಮಜ್ಜಿಗೆ, ನೀರು ಕೊಟ್ಟು, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ನಿಮ್ಮ ಊರ ದಾರಿಯಲ್ಲಿ ಯಾರೇ ದಣಿದು ಬರಲಿ, ಯಾವ ದೇವರ ಹೆಸರಿನಲ್ಲೇ ಬರಲಿ, ಬಿಸಿ ಚಹ ಒಂದು ಕಪ್ಪು, ಒಗ್ಗರಣಿ ಮಿರ್ಚಿ ಒಂದು ತಟ್ಟೆ ಕೊಡಿರಿ. ಎಲೀಯ ಪ್ರವಾದಿಯು ಸೋತು ಗಿಡದ ಕೆಳಗೆ ಮಲಗಿ ಸಾವು ಬೇಡಿದಾಗ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಇಟ್ಟು, ದಾರಿ ದೂರವಿದೆ, ಎದ್ದು ಉಣ್ಣು ಎಂದನು.

ದೀಪ ಉರಿಯುವ ಗುಡ್ಡ

ಇಟಲಿಯ ಕೋಮೊ ಸರೋವರದ ಬಳಿಯ ಗುಡ್ಡದ ಮೇಲೆ ಗಿಸಾಲ್ಲೊ ಮಾತೆಯ ಚಿಕ್ಕ ದೇವಾಲಯವಿದೆ. ಜಗದ್ಗುರು ಹನ್ನೆರಡನೆಯ ಪಿಯುಸರು 1949ರಲ್ಲಿ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ನಮ್ಮ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದೂ ಅದೇ ವರ್ಷ. ಆ ದೇವಾಲಯದ ಗೋಡೆಗಳ ಮೇಲೆ ಹೆಸರಾಂತ ಸವಾರರ ಸೈಕಲ್ಲುಗಳು ತೂಗುತ್ತಿವೆ. ಅವುಗಳ ನಡುವೆ ನುಜ್ಜುಗುಜ್ಜಾದ ಒಂದು ಸೈಕಲ್ಲೂ ಇದೆ. ಅದು ಫಾಬಿಯೊ ಕಾಸಾರ್ತೆಲ್ಲಿ ಎಂಬ ಯುವಕನದು. 1992ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅವನು 1995ರಲ್ಲಿ ಫ್ರಾನ್ಸಿನ ಪಂದ್ಯದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ತನ್ನ 24ನೆಯ ವಯಸ್ಸಿನಲ್ಲಿ ತೀರಿಕೊಂಡನು. ರಸ್ತೆಯಲ್ಲಿ ಮಡಿದ ಸವಾರರ ನೆನಪಿಗೆ ಅಲ್ಲಿ ದೀಪ ಉರಿಯುತ್ತದೆ. ಗೆದ್ದವರನ್ನು ಲೋಕ ನೆನೆಯುತ್ತದೆ. ಮನೆ ಮುಟ್ಟದವರನ್ನು ತಾಯಿ ನೆನೆಯುತ್ತಾಳೆ.

ಆ ದೇಶದ ಜಿನೊ ಬಾರ್ತಾಲಿ 1938ರಲ್ಲಿ, ಮತ್ತೆ ಹತ್ತು ವರ್ಷಗಳ ನಂತರ 1948ರಲ್ಲಿ ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದವರು. ಅವರು ನಿಷ್ಠಾವಂತ ಕಥೋಲಿಕರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇಟಲಿಯನ್ನು ಆಕ್ರಮಿಸಿದ್ದಾಗ, ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ದಲ್ಲ ಕೋಸ್ತರ ಕೋರಿಕೆಯಂತೆ, ಯೆಹೂದ್ಯರನ್ನು ಉಳಿಸುವ ಗುಟ್ಟಿನ ಕಾಗದಪತ್ರಗಳನ್ನು ಅಸ್ಸೀಸಿಯಂತಹ ದೂರದ ಊರುಗಳಿಗೆ ಸೈಕಲ್ಲಿನಲ್ಲಿ ಒಯ್ದರೆಂದು ಅವರನ್ನು ಗೌರವಿಸುತ್ತಾರೆ. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಅವರ ಹೆಸರನ್ನು ನೀತಿವಂತರ ಪಟ್ಟಿಗೆ ಸೇರಿಸಿತು. ಅವರು 2000ದಲ್ಲಿಯೇ ತೀರಿಕೊಂಡಿದ್ದರು. ಬದುಕಿದ್ದಾಗ ಈ ಕೆಲಸವನ್ನು ಹೇಳಿಕೊಂಡು ಮೆರೆಯಲಿಲ್ಲ. ಯಾರ ಸಲುವಾಗಿ ತುಳಿಯುತ್ತೇವೆ ಎಂಬುದೇ ದಾರಿಯ ಬೆಲೆಯನ್ನು ಗೊತ್ತುಮಾಡುತ್ತದೆ.

ಮನೆಯೆಂಬ ಗುಂಪು

ಪ್ರಿಯರೇ, ಇಷ್ಟೆಲ್ಲ ಹೇಳಿದ್ದು ಸೈಕಲ್ಲಿಗಾಗಿ ಮಾತ್ರವಲ್ಲ. ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಕುಟುಂಬಗಳಿಗೆ ಚಳಿಗಾಲದ ದೂರ ಪ್ರಯಾಣ ಎಂದರೆ ಗುಳೆ. ಸುಗ್ಗಿ ಮುಗಿಯುತ್ತಿದ್ದಂತೆ, ಮಳೆ ಕೈಕೊಟ್ಟ ವರ್ಷ ಸುಗ್ಗಿಗೂ ಮೊದಲೇ, ಪಾತ್ರೆ ಹಾಸಿಗೆ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಮುದುಕಿಯೂ ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಈ ಪ್ರಯಾಣದಲ್ಲಿ ಹಿಂದೆ ಉಳಿದವರು ಯಾರು? ಶಾಲೆ ಬಿಟ್ಟ ಹುಡುಗಿಯೇ? ಔಷಧ ತರುವವರಿಲ್ಲದ ಅಜ್ಜಿಯೇ? ಅವರ ತಲೆಯನ್ನು ಎಣಿಸುವವರು ಯಾರು? ಹೊರಡುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕೂತು ಆಲೋಚಿಸಿರಿ. ಮಗುವಿನ ಶಾಲೆ ಯಾರ ಹೊಣೆ, ವಾರಕ್ಕೊಮ್ಮೆ ಫೋನು ಯಾವ ದಿನ, ಕಾಯಿಲೆಯಾದರೆ ಯಾರನ್ನು ಕರೆಯಬೇಕು ಎಂದು ನಿರ್ಣಯಿಸಿರಿ. ನಿರ್ಣಯಿಸಿದ್ದನ್ನು ತಪ್ಪದೆ ಮಾಡಿರಿ. ನೆರೆಮನೆಯವರೇ, ಪಕ್ಕದ ಮನೆಗೆ ಬೀಗ ಬಿದ್ದಾಗ ಜಗಲಿಯ ಮೇಲೆ ಉಳಿದ ಅಜ್ಜಿಗೆ ನೀವೇ ಹಿಂದಿನ ಸವಾರರು.

ಪೌಲರ ಹಡಗಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ರಾತ್ರಿ ಕತ್ತಲಲ್ಲಿ ನಾವಿಕರು ಲಂಗರು ಇಳಿಸುವ ನೆಪ ಮಾಡಿ, ಚಿಕ್ಕ ದೋಣಿಯನ್ನು ಕೆಳಗಿಳಿಸಿ ತಾವಷ್ಟೇ ಪಾರಾಗಲು ನೋಡಿದರು. ಇವರು ಹಡಗಿನಲ್ಲಿ ಉಳಿಯದಿದ್ದರೆ ಯಾರೂ ಉಳಿಯುವುದಿಲ್ಲ ಎಂದು ಪೌಲರು ಎಚ್ಚರಿಸಿದರು. ಸೈನಿಕರು ದೋಣಿಯ ಹಗ್ಗವನ್ನೇ ಕಡಿದುಬಿಟ್ಟರು. ಸಂಸಾರಕ್ಕೆ ಕೆಟ್ಟ ಹವೆ ಬಂದಾಗ ನಮ್ಮಲ್ಲೂ ಕೆಲವರು ಸದ್ದಿಲ್ಲದೆ ಇಂತಹ ದೋಣಿ ಇಳಿಸುತ್ತಾರೆ. ಒಬ್ಬನ ದೋಣಿ ಸೆರೆಯ ಅಂಗಡಿ, ಇನ್ನೊಬ್ಬನದು ಇಸ್ಪೀಟು, ಮತ್ತೊಬ್ಬನದು ಊರಿಗೆ ಬಾರದ ನೂರು ನೆಪ. ಸಹೋದರರೇ, ಈ ಆಗಮನ ಕಾಲದಲ್ಲಿ ಆ ಹಗ್ಗವನ್ನು ಕಡಿಯಿರಿ. ನೀವು ಹಡಗಿನಲ್ಲಿದ್ದರೆ ಮಾತ್ರ ಮಕ್ಕಳು ದಡ ಸೇರುತ್ತಾರೆ.

ಈ ವಾರ ಪಾಪನಿವೇದನೆಗೆ ಹೋಗುವ ಮುನ್ನ ನಿಮ್ಮ ಅಂತರಾತ್ಮವನ್ನು ಹೀಗೆ ಕೇಳಿಕೊಳ್ಳಿರಿ: ನನ್ನ ಮನೆಯಲ್ಲಿ ನಾನು ಯಾರ ವೇಗಕ್ಕೆ ತಕ್ಕಂತೆ ನಡೆಯುತ್ತಿದ್ದೇನೆ? ಕೂಡದು ಎನ್ನಬೇಕಾದ ಕಡೆ ಹೆಸರು ಕೆಡುತ್ತದೆಂದು ಹೆದರಿ ಸುಮ್ಮನಿದ್ದೆನೇ? ನನ್ನ ಹಿಂದೆ ಬರುತ್ತಿದ್ದವರು ಈಗಲೂ ಬರುತ್ತಿದ್ದಾರೆಯೇ ಎಂದು ಕೊನೆಯ ಬಾರಿ ತಿರುಗಿ ನೋಡಿದ್ದು ಯಾವಾಗ?

ಕುರುಬಾಯಕ ಪ್ರಭು ಯೇಸು ತೊಂಬತ್ತೊಂಬತ್ತು ಕುರಿಗಳು ಕೊಟ್ಟಿಗೆ ಸೇರಿದವೆಂದು ತೃಪ್ತರಾಗಲಿಲ್ಲ. ಬೇತ್ಲೆಹೇಮಿನ ದಾರಿಯಲ್ಲಿ ತುಂಬು ಗರ್ಭಿಣಿ ಮರಿಯಮ್ಮನವರ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡ ಸಂತ ಜೋಸೆಫರು ನಮ್ಮ ಎಲ್ಲ ಯಾತ್ರೆಗಳಿಗೆ ಹಿರಿಯರಾಗಿರಲಿ. ರಸ್ತೆಯಲ್ಲಿರುವವರನ್ನೂ, ಪರವೂರಿನ ತಗಡಿನ ಶೆಡ್ಡಿನಲ್ಲಿ ಮಲಗಿರುವವರನ್ನೂ, ಅವರಿಗಾಗಿ ಬಾಗಿಲು ತೆರೆದು ಕಾಯುತ್ತಿರುವವರನ್ನೂ ದೇವರು ಕಾಪಾಡಲಿ. ಕೊನೆಯವರೂ ಮನೆ ಮುಟ್ಟಲಿ. ಆಮೆನ್.